ಕಟ್ಟಿದ ಕೈ

ನಾವು ಮೊದಲ ಸಲ ಹೋದಾಗ ಲಿಖಿತಾ ಐದನೆಯ ಮುಖದ ಮೇಲೆ ಬೆರಳಿಟ್ಟಿದ್ದಳು. ಎರಡನೆಯ ಸಲ ಹೋದಾಗ ಮೊದಲನೆಯದರ ಮೇಲೆ ಇಟ್ಟಳು.

ನಮ್ಮ ಕಾರ್ಡಿನಲ್ಲಿ ಇರುವುದು ಆರು ಮುಖ. ಎಡಗಡೆಯದು ಬಾಯಿ ಅಗಲಿಸಿ ನಗುತ್ತದೆ. ಬಲಕ್ಕೆ ಹೋದಂತೆ ತುಟಿ ಕೆಳಕ್ಕೆ ಬಾಗುತ್ತಾ ಹೋಗಿ, ಕೊನೆಯದರ ಕಣ್ಣಲ್ಲಿ ನೀರು. ಬಿದ್ದೋ, ಸುಟ್ಟುಕೊಂಡೋ, ನಾಯಿ ಕಚ್ಚಿಯೋ ಗಾಯವಾದ ಮಕ್ಕಳ ಮನೆಗೆ ಹೋಗಿ ಆ ಗಾಯ ಎಷ್ಟು ದೊಡ್ಡದು ಎಂದು ಅಳೆಯುವುದು ನಮ್ಮ ಅಧ್ಯಯನದ ಕೆಲಸ. ಮಗು ತೋರಿಸಿದ ಮುಖವನ್ನು ಟ್ಯಾಬಿನಲ್ಲಿ ಒತ್ತಬೇಕು. ಜೊತೆಗೆ ಶಾಲೆ ತಪ್ಪಿತೇ, ಆಸ್ಪತ್ರೆಗೆ ಸೇರಿಸಿದ್ದರೇ ಎಂಬಂಥ ಪ್ರಶ್ನೆಗಳು. ಕೊನೆಗೆ ಟ್ಯಾಬ್ ತಾನೇ ಲೆಕ್ಕ ಹಾಕಿ ಒಂದು ಬಣ್ಣ ಕೊಡುತ್ತದೆ. ಕೆಂಪು ಬಂದರೆ ತೀವ್ರ, ಹಳದಿ ಬಂದರೆ ಮಧ್ಯಮ, ಹಸಿರು ಬಂದರೆ ಸಣ್ಣದು.

ಹಸಿರು ಬಂತು.

"ನಡಿ ಮೌನಗೌರಿ," ಎಂದ ಸಂತೋಷ್, ಹೆಲ್ಮೆಟ್ ಎತ್ತಿಕೊಳ್ಳುತ್ತಾ. ಅವನು ನನ್ನ ಜೊತೆಯ ಕೆಲಸಗಾರ, ಬೈಕು ಅವನದು. ನಾನು ಮಾತಾಡುವುದು ಕಡಿಮೆ ಎಂದು ಈ ಹೆಸರಿಟ್ಟಿದ್ದಾನೆ. ತುಮಕೂರಿನಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ಮನೆಮನೆ ಹೊಕ್ಕು ಪ್ರಶ್ನೆ ಕೇಳುವ ಈ ಕೆಲಸಕ್ಕೆ ನಾನು ಸೇರಿದಾಗ ಉಪ್ಪಾರಹಳ್ಳಿಯ ನಮ್ಮ ಬೀದಿಯೇ ನಕ್ಕಿತ್ತು. ಅಂಗಡಿಯಲ್ಲಿ ಚಿಲ್ಲರೆ ಕೇಳಬೇಕಾದರೂ ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಳ್ಳುವ ಹುಡುಗಿ ನಾನು. ಪ್ರಶ್ನೆಗಳು ಮೊದಲೇ ಬರೆದಿರುತ್ತವಲ್ಲ, ಓದಿದರೆ ಸಾಕು ಎಂಬ ಧೈರ್ಯದಿಂದ ಸೇರಿದ್ದೆ.

ಲಿಖಿತಾಳ ಮನೆ ಗುಬ್ಬಿಯಿಂದ ಆಚೆ, ಬಿದರೆಹಳ್ಳ ಕಾವಲ್ ದಾಟಿ ಒಳಗೆ ಹೋದರೆ ಸಿಗುವ ಹಳ್ಳಿಯಲ್ಲಿತ್ತು. ಪಡಸಾಲೆಯ ಒಂದು ಮೂಲೆಯಲ್ಲಿ ಸುಲಿಯದ ತೆಂಗಿನಕಾಯಿಯ ರಾಶಿ. ಅದರ ಪಕ್ಕ ಅಜ್ಜಿ ಲಕ್ಷ್ಮೀದೇವಮ್ಮ ಮೊರದಲ್ಲಿ ಹುರುಳಿಕಾಳು ಹಸನು ಮಾಡುತ್ತಿದ್ದರು. ಸೊಸೆ ವನಜಾಕ್ಷಿ ಅಡುಗೆಮನೆ ಬಾಗಿಲಿಗೆ ಹಾಕಿದ್ದ ಹಳೆಯ ಹಸಿರು ಸೀರೆಯ ಪರದೆ ಸರಿಸಿಕೊಂಡು ಬಂದು ನಮಗೆ ಮಜ್ಜಿಗೆ ಕೊಟ್ಟು, ಮತ್ತೆ ಆ ಪರದೆಯ ಪಕ್ಕದಲ್ಲೇ ನಿಂತರು. ಮಾತೆಲ್ಲ ಅಜ್ಜಿಯದೇ.

"ಕೈಗುಣ ಅಂದ್ರೆ ಅದು ಕಣವ್ವ. ದೊಡ್ಡರಂಗಯ್ಯ ಮುಟ್ಟಿದ ಅಂದ್ರೆ ಮುಗೀತು. ಮೊನ್ನೆ ನೀನು ಬಂದಾಗ ಹೆಂಗ್ ಅಳ್ತಿತ್ತು ಕೂಸು? ಈಗ ನೋಡು."

ಲಿಖಿತಾ ಎರಡನೆಯ ಕ್ಲಾಸು. ಸೀಬೆ ಮರದಿಂದ ಬಿದ್ದು ಎಡಗೈ ಮೂಳೆ ಮುರಿದಿತ್ತು. ಮೂಳೆ ಕಟ್ಟುವ ದೊಡ್ಡರಂಗಯ್ಯ ಬಂದು, ಬಿದಿರು ದಬ್ಬೆ ಇಟ್ಟು, ಮೊಟ್ಟೆಯ ಬಿಳಿಯಲ್ಲಿ ಅದ್ದಿದ ಬಟ್ಟೆ ಸುತ್ತಿ, ಮೊಣಕೈ ಮೇಲಿನಿಂದ ಮುಂಗೈವರೆಗೆ ಕಟ್ಟಿ ಹೋಗಿದ್ದ. ಈಗ ಅವಳು ಗೋಡೆಗೆ ಒರಗಿ ಕೂತಿದ್ದಳು. ಕಟ್ಟಿನ ತುದಿಯಲ್ಲಿ ಬೆರಳುಗಳಷ್ಟೇ ಕಾಣುತ್ತಿದ್ದವು.

ಮಗು ನಗುವ ಮುಖ ತೋರಿಸಿತೆಂದ ಮಾತ್ರಕ್ಕೆ ನಂಬಬಾರದು ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಮನೆಯ ಹಿರಿಯರು ಹಿಂದೆ ನಿಂತು "ನಗೋದನ್ನ ತೋರ್ಸು ಮಗ, ಒಳ್ಳೇದಾಗ್ಲಿ" ಎನ್ನುವುದುಂಟು. ಹಾಗಾಗಿ ನಾನು ಏಳಲಿಲ್ಲ.

"ಪುಟ್ಟಿ, ಅಜ್ಜಿ ಹೇಳ್ಕೊಟ್ರಾ ಈ ಮುಖ ತೋರ್ಸು ಅಂತ?"

"ಇಲ್ಲ ಅಕ್ಕ. ನಿಜವಾಗ್ಲೂ ನೋಯ್ತಾ ಇಲ್ಲ."

"ಸ್ವಲ್ಪನೂ?"

ಅವಳು ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ, ಮಡಿಲಲ್ಲಿ ಇನ್ನೊಂದು ಕಡೆಗೆ ಇಟ್ಟಳು. ಪುಸ್ತಕವನ್ನು ಎತ್ತಿಡುವ ಹಾಗೆ.

"ಈ ಕೈ ನಂದಲ್ಲ ಅಕ್ಕ," ಎಂದಳು, ನಗುತ್ತಾ. "ಯಾರ್ದೋ ಕೈ ತಂದು ನಂಗೆ ಕಟ್ಟವ್ರೆ."

ಸಂತೋಷ್ ಜೋರಾಗಿ ನಕ್ಕ. "ಏನಮ್ಮಾ ಇವ್ಳು, ಈಗ್ಲೇ ಕಥೆ ಹೊಸೀತಾಳೆ!" ಅಜ್ಜಿಯೂ ನಕ್ಕರು. ನನಗೆ ನಗು ಬರಲಿಲ್ಲ.

ನಾನು ಅವಳ ಹತ್ತಿರ ಸರಿದು ಕೂತೆ. ಬಲಗೈ ಹಿಡಿದೆ. ಬೆಚ್ಚಗಿತ್ತು, ಸ್ವಲ್ಪ ಬೆವರಿತ್ತು. ಎಡಗೈಯ ಬೆರಳು ಮುಟ್ಟಿದೆ. ನೀರಿನ ಹಂಡೆಯ ಪಕ್ಕ ಬಿಟ್ಟ ಚೊಂಬಿನಷ್ಟು ತಣ್ಣಗಿತ್ತು. ಬೆರಳುಗಳು ಉಬ್ಬಿ ಒಂದಕ್ಕೊಂದು ಒತ್ತಿಕೊಂಡಿದ್ದವು. ಉಗುರಿನ ಬುಡದಲ್ಲಿ ಮಸಿ ಒರೆಸಿದಂಥ ಬಣ್ಣ.

ಅಂಗಳದಲ್ಲಿ ಒಂದು ಅಳಿಲು ಓಡಿತು. ಅವಳು ಅದನ್ನೇ ನೋಡುತ್ತಿದ್ದಾಗ ಟ್ಯಾಬಿನ ಪೆನ್ನಿನ ಮೊನೆಯನ್ನು ಅವಳ ನಡುಬೆರಳಿಗೆ ಒತ್ತಿದೆ. ಅವಳು ತಿರುಗಲಿಲ್ಲ. ಇನ್ನೂ ಒತ್ತಿದೆ. ಬೆರಳು ಅಲುಗಲಿಲ್ಲ; ಗುಳಿ ಬಿತ್ತು, ಹಾಗೇ ಉಳಿಯಿತು. ಅವಳು ಅಳಿಲು ಮರ ಹತ್ತುವವರೆಗೂ ನೋಡಿ, ನನ್ನ ಕಡೆ ತಿರುಗಿ, "ಮುಂದಿನ ಪ್ರಶ್ನೆ ಕೇಳಿ ಅಕ್ಕ," ಎಂದಳು.

ಎದ್ದು ಅಂಗಳಕ್ಕೆ ಬಂದು ತುಮಕೂರಿಗೆ ಫೋನ್ ಮಾಡಿದೆ. ನಮ್ಮ ಅಧ್ಯಯನದ ವೈದ್ಯೆ ಡಾಕ್ಟರ್ ಅನುಪಮಾ ಅವರಿಗೆ. ಅವರಿಗೆ ನಾನಾಗಿ ಫೋನ್ ಮಾಡಿದ್ದು ಅದೇ ಮೊದಲು.

"ಬೆರಳು ಅಲ್ಲಾಡಿಸ್ತಾಳಾ?"

"ಇಲ್ಲ ಮೇಡಂ."

"ಮುಟ್ಟಿದ್ದು ಗೊತ್ತಾಗುತ್ತಾ?"

"ಇಲ್ಲ. ನೋವೇ ಇಲ್ಲ ಅಂತಾಳೆ. ಹಸಿರು ಬಂದಿದೆ."

"ಇಂಪನಾ, ಸರಿಯಾಗಿ ಕೇಳಿಸ್ಕೋ. ಇಲ್ಲಿ ನೋವಿಲ್ಲ ಅನ್ನೋದೇ ಕೆಟ್ಟ ಸುದ್ದಿ. ಒಳಗೆ ಊತ ಬಂದಿದೆ, ಕಟ್ಟು ಬಿಗೀತಿದೆ, ರಕ್ತ ಓಡಾಡ್ತಿಲ್ಲ. ಈಗ್ಲೇ ಬಿಚ್ಚಿಸು. ಬಿಚ್ಚಿಸಿ ಕರ್ಕೊಂಡು ಬಾ. ಬರ್ತಾ ದಾರೀಲಿ ಬಿಚ್ತೀವಿ, ಸಂಜೆ ಬಿಚ್ತೀವಿ ಅಂತ ಕಾದ್ರೆ ಆ ಕೈ ಉಳಿಯಲ್ಲ."

ಒಳಗೆ ಬಂದು ಹೇಳಿದೆ. ಹೇಗೆ ಹೇಳಿದೆನೋ, ಮಾತು ಹಿಂದುಮುಂದಾಗಿರಬೇಕು. ಅಜ್ಜಿಯ ಕೈಯಲ್ಲಿದ್ದ ಮೊರ ನಿಂತಿತು.

"ಬಿಚ್ಚೋದಾ? ಮುಟ್ಟೀಯ ಜೋಕೆ!"

"ಅಜ್ಜಿ, ಡಾಕ್ಟ್ರು..."

"ಯಾವ ಡಾಕ್ಟ್ರವ್ವ? ಕಣ್ಣಲ್ಲಿ ನೋಡ್ದೆ ಫೋನಲ್ಲಿ ಹೇಳೋ ಡಾಕ್ಟ್ರಾ? ನನ್ ಮಗ ಗಂಗಾಧರ ಇಷ್ಟುದ್ದ ಇದ್ದಾಗ ಕಾಲು ಮುರ್ಕೊಂಡ. ದೊಡ್ಡಾಸ್ಪತ್ರೆಗೆ ಹಾಕುದ್ವಿ. ಬಿಚ್ಚಿದಾಗ ಕಾಲು ಸೊಟ್ಟ! ಆಮೇಲೆ ಇದೇ ದೊಡ್ಡರಂಗಯ್ಯ ಮತ್ತೆ ಕೂರ್ಸಿ ಕಟ್ಟಿದ. ಇವತ್ತು ನನ್ ಮಗ ಫ್ಯಾಕ್ಟ್ರೀಲಿ ನಿಂತ್ಕೊಂಡು ಕೆಲಸ ಮಾಡ್ತಾನಲ್ಲ, ಅದು ಯಾರ್ ಕೊಟ್ಟ ಕಾಲು? ಕಟ್ಟಿದ ಕೈನೇ ಬಿಚ್ಬೇಕು ಅಂತ ಹೇಳಿ ಹೋಗವ್ನೆ. ಬೇರೆ ಕೈ ಮುಟ್ಟಿದ್ರೆ ಮೂಳೆ ಜರುಗ್ತದೆ. ಹೆಣ್ ಕೂಸು, ನಾಳೆ ಸೊಟ್ಟಗೈ ಅಂತ ಆಡ್ಕೊಳ್ಳೋರ ಬಾಯಿ ನೀನು ಮುಚ್ತೀಯಾ?"

ಅವರೂ ಆ ಕೈಗಾಗಿಯೇ ಜಗಳವಾಡುತ್ತಿದ್ದರು.

"ಹಂಗಾದ್ರೆ ಅವ್ರಿಗೇ ಫೋನ್ ಮಾಡಿ ಅಜ್ಜಿ," ಎಂದ ಸಂತೋಷ್. ಅವನ ಮುಖದಲ್ಲೀಗ ನಗುವಿರಲಿಲ್ಲ. "ಕರ್ಸಿ. ಅವ್ರೇ ಬಂದು ಬಿಚ್ಲಿ."

ವನಜಾಕ್ಷಿ ನಂಬರ್ ಒತ್ತಿ, ಸ್ಪೀಕರ್ ಹಾಕಿ ಅತ್ತೆಯ ಕೈಗೆ ಕೊಟ್ಟರು. ದೊಡ್ಡರಂಗಯ್ಯ ಕುಣಿಗಲ್‌ನಲ್ಲಿದ್ದ. ಮಗಳ ಮನೆ ಗೃಹಪ್ರವೇಶ. ಎಲೆ ಹಾಕುವ ಗಲಾಟೆಯ ನಡುವೆ ಅವನ ದನಿ ಕೇಳಿಸಿತು.

"ಏನವ್ವಾ ಲಕ್ಷ್ಮೀದೇವಕ್ಕಾ?"

"ಯಾರೋ ಬಂದವ್ರೆ ಕಣಪ್ಪ, ಕಟ್ಟು ಬಿಚ್ಚಿ ಅಂತ ಕುಂತವ್ರೆ."

"ಬಿಚ್ಚೋದಾ? ಕೂಸಿಗೆ ನೋವೈತಾ?"

"ಒಂಚೂರೂ ಇಲ್ಲ. ನಗ್ತಾ ಕುಂತದೆ."

"ಹಂಗಾದ್ರೆ ಇನ್ನೇನ್ ಭಯ? ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬರ್ತೀನಿ ಬುಡು."

ಬೆರಳು ನೀಲಿಯಾಗಿದೆ ಎಂದು ನಾನು ಕೂಗಿ ಹೇಳುವಷ್ಟರಲ್ಲಿ ಫೋನ್ ಕಟ್ಟಾಯಿತು. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ. ನಮ್ಮ ಟ್ಯಾಬ್ ಕೇಳಿದ್ದನ್ನೇ ಅವನೂ ಕೇಳಿದ್ದ. ಅದು ಹೇಳಿದ್ದನ್ನೇ ಹೇಳಿದ್ದ.

ವನಜಾಕ್ಷಿ ಗಂಡನಿಗೆ ಫೋನ್ ಮಾಡಿದರು. ರಿಂಗ್ ಆಗಿ ಆಗಿ ನಿಂತಿತು. ಡ್ಯೂಟಿಯಲ್ಲಿದ್ದಾಗ ಫೋನ್ ಹೊರಗೆ ಇಟ್ಟು ಹೋಗಬೇಕಂತೆ. "ಅತ್ತೆ," ಎಂದರು, ಬಹಳ ಸಣ್ಣ ದನಿಯಲ್ಲಿ. "ಬೆರಳು ಒಂಥರಾ ಕಾಣ್ತದೆ ಅತ್ತೆ."

"ನೀ ಸುಮ್ಕಿರು."

ಅಜ್ಜಿ ಎದ್ದು ಹೋಗಿ ಲಿಖಿತಾಳನ್ನು ಮಡಿಲಿಗೆ ಎಳೆದುಕೊಂಡು, ಆ ಕೈಯ ಮೇಲೆ ಸೆರಗು ಮುಚ್ಚಿದರು. ಈಗ ಬೆರಳೂ ಕಾಣುತ್ತಿರಲಿಲ್ಲ. ಹುಡುಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಇಷ್ಟು ಹೊತ್ತು ಆಟದಂತಿದ್ದದ್ದು ಆಟವಲ್ಲ ಎಂದು ಅವಳಿಗೂ ತಿಳಿಯತೊಡಗಿತ್ತು.

ಸಂತೋಷ್ ನನ್ನ ಕಿವಿಯ ಹತ್ತಿರ ಬಂದ. "ಎತ್ಕೊಂಡು ಹೋಗ್ಬಿಡಾಣ ಅಂದ್ರೆ, ಊರೋರು ಮಕ್ಕಳ ಕಳ್ಳರು ಅಂತ ಕಂಬಕ್ಕೆ ಕಟ್ತಾರೆ. ಏನ್ ಮಾಡ್ತೀಯ? ಏನಾದ್ರೂ ಮಾತಾಡೇ!"

ಮಾತಾಡಲು ನನ್ನ ಹತ್ತಿರ ವಾಕ್ಯವಿರಲಿಲ್ಲ. ಟ್ಯಾಬಿನಲ್ಲಿ ಬರೆದಿದ್ದ ಯಾವ ಪ್ರಶ್ನೆಯೂ ಇಲ್ಲಿಗೆ ಆಗುತ್ತಿರಲಿಲ್ಲ. ಅಜ್ಜಿಯನ್ನು ನೇರ ನೋಡಲಾರದೆ ಎದುರಿನ ಪರದೆ ನೋಡಿದೆ. ಹಸಿರು ಸೀರೆ, ಒಂದು ಬದಿಗೆ ಕೆಂಪು ಅಂಚು. ಇನ್ನೊಂದು ಬದಿಗೆ ಅಂಚಿರಲಿಲ್ಲ. ಅದನ್ನು ಉದ್ದಕ್ಕೂ ಹರಿದು ತೆಗೆದಿದ್ದರು. ನೂಲುಗಳು ಇನ್ನೂ ಹೊಸದಾಗಿ ಜೋತಾಡುತ್ತಿದ್ದವು.

ಮೊನ್ನೆ ಬಂದಾಗ ಲಿಖಿತಾಳ ಕೈಯ ಕಟ್ಟು ಪೂರ್ತಿ ಬಿಳಿ. ನನಗೆ ಚೆನ್ನಾಗಿ ನೆನಪಿದೆ. ಇವತ್ತು ಸೆರಗು ಮುಚ್ಚುವ ಮೊದಲು, ಆ ಬಿಳಿಯ ಮೇಲೆ ಒಂದು ಕೆಂಪು ಪಟ್ಟಿ ಬಿಗಿಯಾಗಿ ಸುತ್ತಿಕೊಂಡಿತ್ತು.

"ಅಜ್ಜಿ," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಮೇಲಿನ ಆ ಕೆಂಪು ಕಟ್ಟು ಯಾರು ಕಟ್ಟಿದ್ದು?"

ಅವರು ಸೆರಗನ್ನು ಇನ್ನಷ್ಟು ಒತ್ತಿ ಹಿಡಿದರು.

"ದೊಡ್ಡರಂಗಯ್ಯ ಮತ್ತೆ ಬಂದಿದ್ರಾ?"

"ಇಲ್ಲ," ಎಂದರು ವನಜಾಕ್ಷಿ, ಪರದೆಯ ಹರಿದ ಬದಿಯನ್ನು ಆಗಷ್ಟೇ ಕಂಡವರಂತೆ ಹಿಡಿದುಕೊಂಡು.

ಅಜ್ಜಿಯ ತುಟಿ ಅಲುಗಿತು. "ರಾತ್ರಿಯೆಲ್ಲ ಅಳ್ತು ಕಣವ್ವ. ಒಂದೇ ಸಮ. ದಬ್ಬೆ ಸಡಿಲ ಆಗಿ ಮೂಳೆ ಅಲ್ಲಾಡ್ತದೇನೋ, ಅದಕ್ಕೇ ನೋವು ಅಂದ್ಕೊಂಡೆ. ಬೆಳಗಿನ ಜಾವ ಎದ್ದು... ಭದ್ರವಾಗ್ಲಿ ಅಂತ ಇನ್ನೊಂದು ಸುತ್ತು... ಬಿಗಿ ಮಾಡ್ದೆ. ಅದಾದ್ಮೇಲೆ ನೋವು ಹೋಯ್ತಲ್ಲ. ನನ್ ಕೈಗುಣನೂ ಪರವಾಗಿಲ್ಲ ಅಂದ್ಕೊಂಡೆ."

ಅವರು ಹೇಳುತ್ತಿದ್ದಂತೆಯೇ ಅವರು ಹೇಳಿದ್ದು ಅವರಿಗೇ ಕೇಳಿಸುತ್ತಾ ಬಂತು. ಈಗ ಒಂದು ಕೆಟ್ಟ ಮಾತು ಬಿದ್ದರೆ ಅವರು ಮತ್ತಷ್ಟು ಬಿಗಿಯಾಗುತ್ತಾರೆ, ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ನನಗೆ ಹೆದರಿಕೆಯಾಯಿತು.

ಅವರ ಎದುರು ಕೂತೆ.

"ಹಂಗಾದ್ರೆ ಕಟ್ಟಿದ ಕೈ ನಿಮ್ದೇ ಅಲ್ವಾ ಅಜ್ಜಿ? ಬಿಚ್ಚೋಕೆ ನೀವು ಯಾರನ್ನೂ ಕೇಳ್ಬೇಕಾಗಿಲ್ಲ."

ಅವರು ನನ್ನನ್ನು ನೋಡಿದರು. ಆಮೇಲೆ ಸೆರಗು ಸರಿಸಿ, ಕೆಂಪು ಅಂಚಿನ ಗಂಟಿಗೆ ಉಗುರು ಹಾಕಿದರು. ಊತಕ್ಕೆ ಗಂಟು ಕಲ್ಲಾಗಿತ್ತು. ಬಗ್ಗಿ ಹಲ್ಲಿನಲ್ಲಿ ಕಚ್ಚಿ ಎಳೆದರು. ಗಂಟು ಸಡಿಲಾಯಿತು. ಸುತ್ತು ಸುತ್ತಾಗಿ ಬಿಚ್ಚಿ ಬಂದ ಅಂಚು ನೆಲದ ಮೇಲೆ ಬಿತ್ತು. ಅದಿದ್ದ ಜಾಗದಲ್ಲಿ ಬಿಳಿ ಬಟ್ಟೆ ಒಳಕ್ಕೆ ಕಚ್ಚಿಕೊಂಡಿತ್ತು.

ಬೆರಳಿನ ಬಣ್ಣ ಬದಲಾಗಲಿಲ್ಲ.

ಬಿಳಿ ಕಟ್ಟಿನ ಗಂಟಿನ ಹತ್ತಿರ ಬಂದು ಅಜ್ಜಿಯ ಕೈ ನಿಂತಿತು. "ಇದು ಅವಂದು," ಎಂದರು.

ನಾನು ಆಡಿದ ಮಾತಿನ ಬಲ ಅಲ್ಲಿಗೆ ಮುಗಿದಿತ್ತು.

ವನಜಾಕ್ಷಿ ಒಳಗೆ ಹೋಗಿ ಕತ್ತರಿ ತಂದರು. ಅತ್ತೆಯ ಎದುರು ಮಂಡಿಯೂರಿ ಕೂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಕಟ್ಟಿದ ಕೈ ಅವ್ರದೇ ಇರ್ಲಿ ಅತ್ತೆ," ಎಂದರು. "ಕಟ್ಟಿಸ್ಕೊಂಡಿರೋದು ನನ್ ಮಗಳ ಕೈ. ದಬ್ಬೆ ಅಲ್ಲಾಡ್ದಂಗೆ ಹಿಡ್ಕೊಳಿ, ನಾನು ಕತ್ತರಿಸ್ತೀನಿ."

ಅಜ್ಜಿ ಹಿಡಿದುಕೊಂಡರು. ಎರಡೂ ಅಂಗೈಯಲ್ಲಿ, ತೊಟ್ಟಿಲಿಂದ ಕೂಸನ್ನು ಎತ್ತುವ ಹಾಗೆ. ಮೊಟ್ಟೆಯ ಬಿಳಿ ಒಣಗಿ ಬಟ್ಟೆ ರಟ್ಟಿನಂತಾಗಿತ್ತು. ಕತ್ತರಿ ಕಚಕಚ ಎನ್ನುತ್ತಾ ನಿಧಾನವಾಗಿ ಮೇಲೇರಿತು. ಲಿಖಿತಾ ಅಳಲಿಲ್ಲ. ಅವಳು ಅಳಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಸಂತೋಷ್ ಅಷ್ಟರಲ್ಲಿ ಪಕ್ಕದ ಮನೆಯ ಪರಮಶಿವಯ್ಯನವರನ್ನು ಅವರ ಓಮ್ನಿ ಸಮೇತ ಕರೆತಂದಿದ್ದ. ಎಳನೀರು ಸಾಗಿಸುವ ಗಾಡಿ, ಹಿಂದಿನ ಸೀಟು ಇರಲಿಲ್ಲ. ಗೋಣಿಚೀಲ ಹಾಸಿ ಕೂತೆವು. ಬಿಡಿಸಿದ ಕೈಯನ್ನು ಎರಡು ದಬ್ಬೆಗಳ ಮೇಲೆ ಹಾಗೇ ಸಡಿಲವಾಗಿ ಇಟ್ಟು ಅಜ್ಜಿ ಹಿಡಿದಿದ್ದರು. ತೋಳಿನ ಚರ್ಮ ಬಿಗಿದು ಹೊಳೆಯುತ್ತಿತ್ತು.

ಗುಬ್ಬಿ ಬಂತು. ಬೆರಳು ಮುಟ್ಟಿದೆ. ತಣ್ಣಗೇ ಇತ್ತು. ರೈಲ್ವೆ ಗೇಟು ಹಾಕಿತ್ತು. ಪರಮಶಿವಯ್ಯ ಸ್ಟಿಯರಿಂಗ್ ಮೇಲೆ ಗುದ್ದಿ, "ಇವತ್ತೇ ಬರ್ಬೇಕಿತ್ತೇನ್ಲಾ ನಿಂಗೆ!" ಎಂದು ರೈಲನ್ನೇ ಬೈದರು. ಗೂಡ್ಸು. ಡಬ್ಬಿ ಮುಗಿಯುತ್ತಲೇ ಇರಲಿಲ್ಲ. ವನಜಾಕ್ಷಿ ಕಣ್ಣು ಮುಚ್ಚಿಕೊಂಡಿದ್ದರು.

ಗೇಟು ದಾಟಿ ಹೆದ್ದಾರಿಗೆ ಬಂದ ಮೇಲೆ ಲಿಖಿತಾ ಇದ್ದಕ್ಕಿದ್ದಂತೆ, "ಅಜ್ಜೀ, ಇರುವೆ!" ಎಂದಳು.

"ಎಲ್ಲಿ ಮಗ?"

"ಕೈಗೆ! ಕಚ್ತಾವೆ! ತೆಗಿ!"

ಅಜ್ಜಿ ಗೋಣಿಚೀಲ ನೋಡಿದರು, ಕೈಯ ಕೆಳಗೆ ನೋಡಿದರು, ಇಲ್ಲದ ಇರುವೆಗಳನ್ನು ಸೆರಗಿನ ತುದಿಯಿಂದ ಮೆಲ್ಲಗೆ ಕೊಡವತೊಡಗಿದರು. ಕಾಲು ಮಡಿಚಿ ಬಹಳ ಹೊತ್ತು ಕೂತು ಎದ್ದಾಗ ಜೋಮು ಬಿಡುತ್ತದಲ್ಲ, ಆಗಿನ ಇರುವೆಗಳು. ನನಗೆ ಗೊತ್ತಾಯಿತು. ಇನ್ನೊಂದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳು ಕಿರುಚತೊಡಗಿದಳು. ಕಾಲು ಒದ್ದುಕೊಂಡು, ಉಸಿರುಗಟ್ಟಿ, ಗಾಡಿ ತುಂಬ ಕೇಳುವ ಹಾಗೆ ಅತ್ತಳು. ಐದನೆಯ ಮುಖವಲ್ಲ, ಆರನೆಯದೂ ಅಲ್ಲ. ಅದಕ್ಕಿಂತ ಬಲಕ್ಕೆ ನಮ್ಮ ಕಾರ್ಡಿನಲ್ಲಿ ಜಾಗವಿರಲಿಲ್ಲ.

"ಅಯ್ಯೋ ಶಿವನೇ, ಏನಾಯ್ತವ್ವಾ?" ಪರಮಶಿವಯ್ಯ ಬ್ರೇಕ್ ಹಾಕಲು ಹೋದರು.

"ನಿಲ್ಲಿಸ್ಬೇಡಿ!" ನಾನು ಕೂಗಿದೆ. "ಅಳ್ಲಿ. ಅವ್ಳು ಅಳ್ತಿರೋದು ಒಳ್ಳೇದು. ಓಡ್ಸಿ!"

ಆ ದನಿ ಕೇಳಿ ಅಜ್ಜಿ ತಲೆಯೆತ್ತಿದರು. ಅವರ ಕೆನ್ನೆಯೂ ಒದ್ದೆಯಾಗಿತ್ತು.

ತುಮಕೂರಿನ ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರ್ ಅನುಪಮಾ ಕಾದಿದ್ದರು. ಲಿಖಿತಾಳನ್ನು ಸೀದಾ ಒಳಗೆ ಒಯ್ದರು. ಒತ್ತಡ ಇಳಿಸಲು ತೋಳನ್ನು ಉದ್ದಕ್ಕೆ ಸೀಳಬೇಕಾಯಿತು. ಕಾರಿಡಾರಿನ ಬೆಂಚಿನ ಮೇಲೆ ಅತ್ತೆ ಸೊಸೆ ಒಬ್ಬರ ಪಕ್ಕ ಒಬ್ಬರು ಕೂತಿದ್ದರು. ಅಜ್ಜಿ ತಮ್ಮ ಸೆರಗಿನ ತುದಿಯಲ್ಲಿ ಆ ಕೆಂಪು ಅಂಚನ್ನು ಮುದುರಿ ಕಟ್ಟಿಕೊಂಡಿದ್ದರು. ಯಾವಾಗ ನೆಲದಿಂದ ಎತ್ತಿಕೊಂಡರೋ ನಾನು ನೋಡಿರಲಿಲ್ಲ.

"ಕೈ ಉಳಿಯುತ್ತೆ," ಎಂದರು ಡಾಕ್ಟರ್, ಹೊರಗೆ ಬಂದು. "ಕಿರುಬೆರಳು, ಉಂಗುರದ ಬೆರಳು ಹೇಗಾಗುತ್ತೆ ಅಂತ ಈಗ್ಲೇ ಹೇಳೋಕಾಗಲ್ಲ. ಕಾದು ನೋಡ್ಬೇಕು."

ಅವರು ಹೋದ ಮೇಲೆ ಅಜ್ಜಿ ನನ್ನ ಕಡೆ ತಿರುಗಿದರು. "ನಾನು ಬಿಗಿ ಮಾಡ್ದೇ ಇದ್ದಿದ್ರೆ ಅವೆರಡೂ ಬೆರಳು..."

ಮೂಳೆ ಮುರಿದಾಗಲೇ ಊತ ಶುರುವಾಗಿತ್ತು. ಬಿಳಿ ಕಟ್ಟೂ ಬಿಗಿಯೇ ಇತ್ತು. ಇದರಲ್ಲಿ ಯಾರ ಪಾಲು ಎಷ್ಟೆಂದು ಅಳೆಯುವ ಕಾರ್ಡು ನಮ್ಮಲ್ಲಿ ಇರಲಿಲ್ಲ. "ಗೊತ್ತಿಲ್ಲ ಅಜ್ಜಿ," ಎಂದೆ. ಅದು ನಿಜ. "ಬಿಚ್ಚಿದ್ದು ನೀವು. ಅದು ಗೊತ್ತು." ಅವರು ತಲೆಯಾಡಿಸಿದರು. ಸಮಾಧಾನವಾಯಿತೆಂದಲ್ಲ, ಕೇಳಿಸಿತು ಎಂದು.

ಅಂದಿನ ಹಸಿರನ್ನು ನಾನು ಅಳಿಸಲಿಲ್ಲ. ಅದರ ಕೆಳಗೆ, ಆ ನಗುವ ಮುಖ ಏಕೆ ಸುಳ್ಳು ಎಂದು ಬರೆದು ಕಳಿಸಿದೆ. ಮುಂದಿನ ವಾರದ ಮೀಟಿಂಗಿನಲ್ಲಿ ಮೇಡಂ ನನ್ನನ್ನೇ ಎಬ್ಬಿಸಿ ಎಲ್ಲರಿಗೂ ಹೇಳಿಸಿದರು. ಈಗ ಮುಖ ತೋರಿಸುವ ಮೊದಲು ಬೆರಳು ಮುಟ್ಟಿ ನೋಡುತ್ತೇವೆ.

ಮೀಟಿಂಗ್ ಮುಗಿಸಿ ವಾರ್ಡಿಗೆ ಹೋದೆ. ಲಿಖಿತಾಳ ಎಡಗೈ ದಿಂಬಿನ ಮೇಲೆ, ದಪ್ಪನೆಯ ಬಿಳಿ ಬ್ಯಾಂಡೇಜಿನಲ್ಲಿತ್ತು. ಬೆರಳ ತುದಿ ನಸುಗೆಂಪು. ನಾನು ಕಾರ್ಡು ತೆಗೆದೆ. ಅಜ್ಜಿ ಮಂಚದ ಆ ಬದಿಯಿಂದ ಎದ್ದು ಬಂದರು.

"ನಿಜ ಹೇಳ್ಬೇಕು ಮಗ. ಅಳೋದಾದ್ರೆ ಅಳೋದನ್ನೇ ತೋರ್ಸು."

ಅವಳು ಬಲಗೈ ಎತ್ತಲಿಲ್ಲ. ಕಾರ್ಡನ್ನು ಎಡಗೈಯ ಹತ್ತಿರ ತರುವಂತೆ ಕಣ್ಣಲ್ಲೇ ಹೇಳಿದಳು. ತಂದು ಹಿಡಿದೆ. ತೋರುಬೆರಳು ಅಲುಗಿತು, ನಿಂತಿತು, ಮತ್ತೆ ಅಲುಗಿತು. ಕೊನೆಗೆ ನಾಲ್ಕನೆಯ ಮುಖಕ್ಕೆ ತಗುಲಿತು.

"ಯಾರ ಕೈ ಪುಟ್ಟಿ ಇದು?" ಎಂದೆ.

"ನಂದು!" ಎಂದಳು, ಸಿಟ್ಟಿನಿಂದ. "ನೋಯ್ತದೆ. ಮುಟ್ಬೇಡಿ, ಹೋಗಿ."